ಹತ್ತು ಗಂಟೆಗೆ ಕೈ ಮೇಲೆ

ಪೈನ್ ಹಾಲೋ, ಅರ್ಕನ್ಸಾ
ಸೋಮವಾರ, ಫೆಬ್ರವರಿ 6, 2023

ಕೊಮಾದ್ರೆ ತೆಂಚಾ ಅವರಿಗೆ,

ನಮ್ಮ ಮನೆಯಿಂದ ನಿಮ್ಮ ಮನೆಗೆ ಎರಡೇ ಬೀದಿ. ಆದರೂ ಅಂಚೆಚೀಟಿ ಹಚ್ಚಿ ಬರೆಯುತ್ತಿದ್ದೇನೆ. ಬಂದು ಬಾಗಿಲು ತಟ್ಟಿದರೆ ಏನೇನೋ ಅಂದುಬಿಡುತ್ತೇನೆ. ಫೋನಿನಲ್ಲಿ ಬರೆದರೆ ನೀವು ಅದನ್ನು ಆಫೀಸಿನವರಿಗೆ ತೋರಿಸಿದರೂ ತೋರಿಸಿದಿರಿ. ಕಾಗದವಾದರೆ ಓದಿ ಒಲೆಗೆ ಹಾಕಬಹುದು.

ನನ್ನ ಮಗಳು ಯಾರೆಲಿಯ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಂತವರು ನೀವು. ಅವತ್ತಿನಿಂದ ನಾವು ಕೊಮಾದ್ರೆಯರು. ಗಡಿಯಾಚೆ ಒಂದೇ ಊರಿನ ಮಣ್ಣಾಡಿ ಬೆಳೆದ ಹುಡುಗಿಯರು ಅವತ್ತಿನಿಂದ 'ನೀವು', 'ತಾವು' ಅಂತ ಬಹುವಚನ ಹಾಕಿ ಮಾತಾಡತೊಡಗಿದೆವು. ಈಗ ಬೈಯುವಾಗಲೂ ಬಹುವಚನದಲ್ಲೇ ಬೈಯಬೇಕಾಗಿದೆ. ಇರಲಿ.

ಶುಕ್ರವಾರ ಕೋಳಿ ಫ್ಯಾಕ್ಟರಿಯಲ್ಲಿ ಒಂಬತ್ತೂಕಾಲಿಗೆ ನಾನು ಕೈ ಎತ್ತಿದೆ. ನಿಯಮ ಅದೇ ತಾನೆ? ಪಾಯಿಖಾನೆಗೆ ಹೋಗಬೇಕಾದರೆ ಕೈ ಎತ್ತಬೇಕು, ಬದಲಿ ಆಳು ಬರುವವರೆಗೆ ಕಾಯಬೇಕು. ನೀವು ನೋಡಿದಿರಿ. ನಿಮ್ಮ ಮೇಸ್ತ್ರಿಯ ಕೆಂಪು ಹೆಲ್ಮೆಟ್ ನನ್ನ ಕಡೆ ತಿರುಗಿದ್ದು ನನಗೆ ಕಾಣಿಸಿತು. ಇಪ್ಪತ್ತೆರಡು ನಿಮಿಷ, ಕೊಮಾದ್ರೆ. ಒಂದು ಕೈ ಮೇಲೆ, ಒಂದು ಕೈಯಲ್ಲಿ ಚಾಕು, ಮುಂದೆ ಸಾಲಾಗಿ ಹರಿದು ಬರುತ್ತಿರುವ ಕೋಳಿಗಳು. ಬದಲಿ ಆಳು ಬರಲಿಲ್ಲ. ನಾನು ಚಾಕು ಒರೆಗೆ ಸೇರಿಸಿ ಹೋದೆ. ವಾಪಸು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಕಾಗದ ಕಾಯುತ್ತಿತ್ತು: 'ಅನುಮತಿಯಿಲ್ಲದೆ ಲೈನ್ ಬಿಟ್ಟಿದ್ದಾರೆ'. ಕೆಳಗೆ ನಿಮ್ಮ ಸಹಿ. ಆ ಸಹಿಯ ದೊಡ್ಡ ಬಾಲ ನನಗೆ ಐದನೇ ಕ್ಲಾಸಿನಿಂದ ಗೊತ್ತು.

ಇದು ಎರಡನೆಯ ಎಚ್ಚರಿಕೆ ಕಾಗದ. ಮೂರನೆಯದು ಬಂದರೆ ಮನೆಗೆ. ಕೆಲಸ ಹೋದರೆ ವಿಮೆ ಹೋಗುತ್ತದೆ, ವಿಮೆ ಹೋದರೆ ಐದು ವರ್ಷ ತಪ್ಪದೆ ನುಂಗಬೇಕಾದ ಮಾತ್ರೆ ಹೋಗುತ್ತದೆ. ನುಂಗಿರುವುದು ಇನ್ನೂ ಹದಿನಾಲ್ಕು ತಿಂಗಳು.

ಯಾಕೆ ಅಷ್ಟೊಂದು ಸಲ ಕೈ ಎತ್ತುತ್ತೇನೆ ಅಂತ ನೀವು ಒಮ್ಮೆಯಾದರೂ ಕೇಳಿದಿರಾ? ಆಸ್ಪತ್ರೆಯವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ಎದೆಯ ಕ್ಯಾನ್ಸರ್ ದಾಟಿ ಬಂದ, ನಮ್ಮ ಭಾಷೆಯ ಹೆಂಗಸರಿಗಾಗಿಯೇ ಮಾಡಿದ್ದಂತೆ. ದಿನಕ್ಕೆ ಎಂಟು ಲೋಟ ನೀರು, ಅರ್ಧ ಗಂಟೆ ನಡಿಗೆ, ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಕೈ ಮೇಲೆತ್ತಿ ಹಿಡಿಯುವ ವ್ಯಾಯಾಮ, ತಿಂದದ್ದೆಲ್ಲ ಬರೆದಿಡುವುದು. ಕಂಕುಳಿನ ಗಂಟು ತೆಗೆದ ಮೇಲೆ ನನ್ನ ಎಡಗೈ ಊದುತ್ತದೆ. ಇದೆಲ್ಲ ಡಾಕ್ಟರು ಬರೆದ ಚೀಟಿ ಇದ್ದ ಹಾಗೆ. ಮೀರಿದರೆ ಮಾತ್ರೆ ಯಾವ ಮುಖ ಹೊತ್ತು ಕೇಳಲಿ?

ನೀರು ಕುಡಿದರೆ ಹೊರಗೆ ಬರುತ್ತದೆ. ನಿಮ್ಮ ಹೊಟ್ಟೆಯೊಳಗೆ ಬೇರೆ ವ್ಯವಸ್ಥೆ ಇದ್ದರೆ ತಿಳಿಸಿ.

ಇನ್ನೂ ನಿಮ್ಮ ಕೊಮಾದ್ರೆಯೇ,
ಒತಿಲಿಯಾ ಬರ್ರಾಗಾನ್


ಫೆಬ್ರವರಿ 13

ಕೊಮಾದ್ರೆ ಒತಿಲಿಯಾ,

ನಿಮ್ಮ ಕಾಗದ ಒಲೆಗೆ ಹಾಕಿಲ್ಲ. ನಮ್ಮದು ಕರೆಂಟ್ ಒಲೆ.

ನೀವು ಕೈ ಎತ್ತಿದಾಗ ನನ್ನ ಹತ್ತಿರ ನಲವತ್ತು ಜನರಿಗೆ ಒಬ್ಬಳೇ ಬದಲಿ ಆಳು ಇದ್ದಳು, ಅವಳೂ ಬೆರಳು ಕುಯ್ದುಕೊಂಡು ದಾದಿಯ ಹತ್ತಿರ ಹೋಗಿದ್ದಳು. ನೀವು ಹೋದದ್ದನ್ನು ಮ್ಯಾನೇಜರ್ ಮಿಸ್ಟರ್ ಪ್ರುಯಿಟ್ ಮೇಲಿನ ಗಾಜಿನ ಕೋಣೆಯಿಂದ ನೋಡಿದರು. ನಾನು ಬರೆಯದಿದ್ದರೆ ಅವರು ನನ್ನ ಮೇಲೆ ಬರೆಯುತ್ತಿದ್ದರು.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಂಡರೂ ಸರಿ. ಕೆಂಪು ಹೆಲ್ಮೆಟ್ ಹಾಕಿಕೊಂಡು ನೀವೇ ಆರು ವರ್ಷ ಮೇಸ್ತ್ರಿಯಾಗಿದ್ದಿರಲ್ಲ, ಆಗ ಕೈ ಎತ್ತಿದವರನ್ನೆಲ್ಲ ಹೂಮಾಲೆ ಹಾಕಿ ಕಳಿಸುತ್ತಿದ್ದಿರಾ? ದೆಲ್ಫಿನಾಗೆ ಮಾಡಿದ್ದು ನೆನಪಿದೆಯಾ? ಆಗ ರೆಕ್ಕೆ ಕತ್ತರಿಸುವ ಜಾಗದಲ್ಲಿ ನಿಲ್ಲುತ್ತಿದ್ದ, ಈಗ ನಿಮ್ಮ ಎದುರು ಸಾಲಿನಲ್ಲಿರುವ ಗ್ವಾತೆಮಾಲಾದವಳು. "ಇನ್ನೊಂದೈದು ನಿಮಿಷ ತಡ್ಕೊಳ್ಳೇ, ಚಿಕ್ಕ ಮಗುನಾ ನೀನು?" ಅಂದವರು ನೀವು. ಆ ಹುಡುಗಿ ಊಟದ ಗಂಟೆ ಹೊಡೆಯುವವರೆಗೆ ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದಳು. ಪಕ್ಕದಲ್ಲಿದ್ದವಳು ನಾನು. ನೆಲಕ್ಕೆ ಪೈಪಿನಿಂದ ನೀರು ಬಿಟ್ಟವಳೂ ನಾನೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನೀವು ಸೊಸೆ.

ಎರಡು ಲೋಟ ನೀರು ಕಡಿಮೆ ಕುಡಿಯಿರಿ. ಯಾರೂ ಸಾಯುವುದಿಲ್ಲ.

ಒರ್ತೆನ್ಸಿಯಾ

ತಾ.ಕ.: ಕೊನೆಯ ಸಾಲು ಹಾಗೆ ಬರೆಯಬಾರದಿತ್ತು. ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ ಅಂತ ಬಿಟ್ಟಿದ್ದೇನೆ.


ಫೆಬ್ರವರಿ 27

ಕೊಮಾದ್ರೆ,

ತೆಂಚಾ ಅಂತ ಬರೆಯದೆ ಒರ್ತೆನ್ಸಿಯಾ ಅಂತ ಪೂರ್ತಿ ಹೆಸರು ಹಾಕಿದಿರಿ, ಇರಲಿ. ಸಾಯುವವರ ವಿಷಯ ನನಗೆ ಹೇಳಿಕೊಡಬೇಡಿ. ಆ ಕಲಿಕೆಯಲ್ಲಿ ನಾನು ನಿಮಗಿಂತ ಎರಡು ಕ್ಲಾಸು ಮುಂದಿದ್ದೇನೆ.

ಅತ್ತೆಯ ಮಾತು ತೆಗೆದಿರಲ್ಲ, ಹೇಳುತ್ತೇನೆ ಕೇಳಿ. ನನ್ನ ಫೋನಿನಲ್ಲಿರುವ ಈ ಆ್ಯಪಿಗೆ ನಾನಿಟ್ಟ ಹೆಸರೇ ಅತ್ತೆ. ಬೆಳಿಗ್ಗೆ ಏಳುತ್ತಿದ್ದಂತೆ "ಶುಭೋದಯ, ವೀರ ವನಿತೆ!" ಅನ್ನುತ್ತಾಳೆ. ವೀರ ವನಿತೆಯಂತೆ! ಆರು ಗಂಟೆಗೆ ಎದ್ದು, ಹಲ್ಲುಜ್ಜದೆ, ಒಂದೇ ಮೊಲೆಯ ಮೇಲೆ ಹರಿದ ಅಂಗಿ ಹಾಕಿಕೊಂಡು ಕೂತ ವೀರ ವನಿತೆ. ಆಮೇಲೆ ವಿಚಾರಣೆ. ರಾತ್ರಿ ಏನು ತಿಂದೆ? ಎಷ್ಟು ತಿಂದೆ? ಕೇಲ್ ಸೊಪ್ಪು ಎಷ್ಟು ಬಟ್ಟಲು? ಕೇಲ್ ಸೊಪ್ಪನ್ನು ನಮ್ಮ ಕುಲದಲ್ಲಿ ಯಾರು ಕಂಡಿದ್ದಾರೆ ಕೊಮಾದ್ರೆ? ನಾನು ಪಾಪಾಸುಕಳ್ಳಿಯ ಎಳೆ ಎಲೆ ಹುರಿದು ತಿಂದದ್ದು, ಗೋಣಿ ಸೊಪ್ಪು ಬೇಯಿಸಿದ್ದು, ಎಲ್ಲವನ್ನೂ 'ಕೇಲ್' ಅಂತಲೇ ಬರೆದೆ. ಅತ್ತೆ ಸಂತೋಷಪಟ್ಟು ಮೂರು ನಕ್ಷತ್ರ ಕೊಟ್ಟಳು. ತೊರ್ತಿಯಾ ರೊಟ್ಟಿ ಎರಡಕ್ಕಿಂತ ಜಾಸ್ತಿಯಾದರೆ ಮುಖ ಕೆಂಪು ಮಾಡುತ್ತಾಳೆ. ನನ್ನ ನಿಜವಾದ ಅತ್ತೆ ದೋನ್ಯಾ ಕ್ರಿಸಾಂತಾ ಕೂಡ ನಾನು ತಿನ್ನುವ ತೊರ್ತಿಯಾ ಎಣಿಸುತ್ತಿದ್ದಳು, ಆದರೆ ಬರೆದಿಡುತ್ತಿರಲಿಲ್ಲ.

ನಡಿಗೆಯ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಬೀದಿಯಲ್ಲಿ ನಡೆಯಲು ಫುಟ್‌ಪಾತೇ ಇಲ್ಲ, ಲಾರಿಗಳು ಸೊಂಟ ಸವರಿಕೊಂಡು ಹೋಗುತ್ತವೆ. ಅದಕ್ಕೆ ಸ್ಮಶಾನದೊಳಗೆ ಸುತ್ತು ಹಾಕುತ್ತೇನೆ. ಅಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ನಮ್ಮ ಯಜಮಾನರು ಫೆರ್ಮಿನ್ ನೋಡಿ ಗಾಬರಿಯಾದರು. "ನಿಂಗೇನು ಹುಚ್ಚಾ ಒತಿ? ಕಾಯಿಲೆಯವ್ಳು ಸುಮ್ನೆ ಮಲ್ಕೋಬಾರ್ದಾ? ಹೋಗಿ ಹೋಗಿ ಅಲ್ಲಿ ಜಾಗ ನೋಡ್ಕೊಂಡ್ ಬರ್ತೀಯಾ?" ಅಂದರು. "ಹೂಂ, ನಿಮ್ಗೊಂದು ಒಳ್ಳೇದು ನೋಡಿಟ್ಟಿದೀನಿ, ಮರದ ನೆರಳಿದೆ" ಅಂದೆ. ಅವತ್ತಿನಿಂದ ಅವರೂ ಹಿಂದೆ ಹಿಂದೆ ಬರುತ್ತಾರೆ. ಈ ಮನುಷ್ಯನಿಗೆ ಕಾಯಿಲೆಯೆಂದರೆ ಮಂಚ. ನಮ್ಮ ಅಮ್ಮಂದಿರೆಲ್ಲ ಹಾಗೆ ಮಲಗಿಯೇ ಹೋದರು.

ಇದೆಲ್ಲ ನಗುತ್ತ ಬರೆಯುತ್ತಿದ್ದೇನೆ, ಆದರೆ ಒಂದು ದಿನವೂ ತಪ್ಪಿಸುವ ಧೈರ್ಯ ನನಗಿಲ್ಲ. ಆಸ್ಪತ್ರೆಯಲ್ಲಿ ಯಾರೋ ಕೂತು ದಿನವೂ ನನ್ನ ಲೆಕ್ಕ ನೋಡುತ್ತಿರುತ್ತಾರೆ. ಎಂಟು ಲೋಟ ಬರೆದು ಆರು ಕುಡಿದರೆ ಗೊತ್ತಾಗದೆ ಇರುತ್ತದೆಯೇ? 'ಈ ಹೆಂಗಸು ಹೇಳಿದ ಮಾತು ಕೇಳುವುದಿಲ್ಲ, ಇವಳಿಗೇಕೆ ಮಾತ್ರೆ' ಅಂದುಬಿಟ್ಟರೆ?

ಇನ್ನೊಂದು. ನಿಮ್ಮ ಲೈನಿನಲ್ಲಿ ನಾಲ್ಕು ಜನ ಡೈಪರ್ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಾರೆ. ಗೊತ್ತಿದೆಯೋ ಇಲ್ಲವೋ. ಬಟ್ಟೆ ಬದಲಿಸುವ ಕೋಣೆಯಲ್ಲಿ ನನಗೂ ಒಬ್ಬಳು ಸಲಹೆ ಕೊಟ್ಟಳು. ಒಂದು ಮೊಲೆ ಕೊಟ್ಟಿದ್ದೇನೆ, ತಲೆಗೂದಲು ಕೊಟ್ಟಿದ್ದೇನೆ, ಕಾಲಿನ ಹತ್ತು ಉಗುರು ಕೊಟ್ಟಿದ್ದೇನೆ. ಇನ್ನು ಡೈಪರ್ ಕಟ್ಟುವುದಿಲ್ಲ. ಇದನ್ನು ನಿಮ್ಮ ಮಿಸ್ಟರ್ ಪ್ರುಯಿಟ್‌ಗೂ ತಿಳಿಸಬಹುದು.

ಒತಿಲಿಯಾ

ದೆಲ್ಫಿನಾಳ ವಿಷಯಕ್ಕೆ ಈಗ ಉತ್ತರ ಬರೆಯುವುದಿಲ್ಲ.


ಮಾರ್ಚ್ 10

ಕೊಮಾದ್ರೆ,

ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದೆ. ಬೈಯುವ ಮೊದಲು ಪೂರ್ತಿ ಓದಿ.

ನಿಮ್ಮ ಹೆಸರು ಹೇಳಲಿಲ್ಲ. ನನಗೇ ಬೇಕು ಅನ್ನುವ ಹಾಗೆ ವಿಚಾರಿಸಿದೆ. ಮರಿಕ್ರೂಸ್ ಅಂತ ಒಬ್ಬ ಹುಡುಗಿ ಮಾತಾಡಿದಳು, ಬಾಯಿ ತುಂಬ ಮಾತಾಡುವ ಮಗು. "ಇಲ್ಲಮ್ಮ, ದಿನಾ ಯಾರೂ ಕೂತ್ಕೊಂಡು ನೋಡಲ್ಲ. ಇದೊಂದು ಅಧ್ಯಯನ. ಕೊನೇಲಿ ಎಲ್ರದ್ದೂ ಒಟ್ಟಿಗೆ ತೆಗೆದು ನೋಡ್ತೀವಿ. ಮಾತ್ರೆಗೂ ಇದಕ್ಕೂ ಸಂಬಂಧಾನೇ ಇಲ್ಲ. ಬೇಡ ಅನ್ಸಿದ್ರೆ ಯಾವತ್ತು ಬೇಕಾದ್ರೂ ಬಿಟ್ಬಿಡಬಹುದು, ಯಾಕೆ ಅಂತಾನೂ ಕೇಳಲ್ಲ" ಅಂದಳು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಸೇರಿದ ದಿನವೇ ಇದನ್ನೆಲ್ಲ ಓದಿ ಹೇಳಿ ಸಹಿ ಹಾಕಿಸಿಕೊಂಡಿರುತ್ತಾರಂತೆ. ನೀವು ಡಾಕ್ಟರರ ಮುಂದೆ ಕೂತರೆ ಕಿವಿ ಮುಚ್ಚಿಕೊಂಡು ತಲೆಯಾಡಿಸುವವರು, ನನಗೆ ಗೊತ್ತಿಲ್ಲವೇ?

ಆದ್ದರಿಂದ ಬಿಡಿ. ಎಂಟು ಲೋಟ ನಿಮಗೆ ಯಾರೂ ವಿಧಿಸಿಲ್ಲ. ಬಾಯಾರಿದರೆ ಕುಡಿಯಿರಿ, ಊಟದ ಬಿಡುವಿನಲ್ಲಿ ಹೋಗಿ ಬನ್ನಿ. ಮೂರನೆಯ ಕಾಗದ ಬರದಂತೆ ನಾನು ನೋಡಿಕೊಳ್ಳುತ್ತೇನೆ. ನೀವು ಸ್ವಲ್ಪ ಬಗ್ಗಿದರೆ ಸಾಕು.

ತೆಂಚಾ


ಮಾರ್ಚ್ 16

ಕೊಮಾದ್ರೆ,

ನಿಮ್ಮನ್ನು ಯಾರು ಫೋನ್ ಮಾಡಿ ಅಂದರು?

ಕಾಗದ ಓದಿ ನನಗೆ ಎಷ್ಟು ಅವಮಾನವಾಯಿತು ಅಂತ ಹೇಳಲಾರೆ. ಐದು ತಿಂಗಳಿಂದ ಯಾರೋ ನೋಡುತ್ತಿದ್ದಾರೆ ಅಂತ ಹೆದರಿ ಹೆದರಿ ಬರೆದಿದ್ದೇನೆ. ಒಂದು ಸಿಹಿ ಬನ್ನು ತಿಂದರೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವ ಹಾಗೆ ಬರೆದಿದ್ದೇನೆ. ಆ ಕಡೆ ಯಾರೂ ಇರಲಿಲ್ಲ. ಖಾಲಿ ಕುರ್ಚಿಗೆ ಲೆಕ್ಕ ಒಪ್ಪಿಸಿದ ಹುಚ್ಚಿ ನಾನು.

ಸಿಟ್ಟಿಗೆ ಫೋನನ್ನು ಮಸಾಲೆ ಡಬ್ಬಗಳ ಹಿಂದೆ ಇಟ್ಟುಬಿಟ್ಟೆ. ಶನಿವಾರ ಬೇಕರಿಯಿಂದ ಆರು ಬನ್ನು ತಂದು ಮೂರು ತಿಂದೆ. ಭಾನುವಾರ ಉಳಿದ ಮೂರು. ನಡೆಯಲಿಲ್ಲ, ಕೈ ಎತ್ತಲಿಲ್ಲ. ಫೆರ್ಮಿನ್ ಸಂತೋಷವಾಗಿ ದಿಂಬು ತಂದು ಬೆನ್ನಿಗಿಟ್ಟರು. ಸೋಮವಾರ ಬೆಳಿಗ್ಗೆ ಎದ್ದರೆ ಎಡಗೈ ತುಂಬಿದ ಬಾಟಲಿಯ ಹಾಗೆ ಭಾರ, ಉಂಗುರ ಹೊರಗೆ ಬರಲಿಲ್ಲ. ಸೋಪು ಹಚ್ಚಿ ತಿರುಗಿಸುತ್ತ ಕೂತವಳಿಗೆ ಅಳು ಬಂತು. ಅಳುತ್ತಲೇ ಶೂ ಹುಡುಕಿದೆ. ಯಾರೂ ಹೇಳಿರಲಿಲ್ಲ. ಅತ್ತೆ ಡಬ್ಬಗಳ ಹಿಂದೆ ಮಲಗಿದ್ದಳು. ಎಂಟು ಸುತ್ತು ಹಾಕಿದೆ, ಅಷ್ಟು ಸುತ್ತು ಯಾವತ್ತೂ ಹಾಕಿರಲಿಲ್ಲ.

ನಡೆಯುತ್ತ ನನಗೆ ಹೊಳೆದದ್ದು ಇಷ್ಟು. ಯಾರೂ ನೋಡುತ್ತಿಲ್ಲ ಅಂದರೆ ಇದು ಡಾಕ್ಟರದ್ದಲ್ಲ, ಆಸ್ಪತ್ರೆಯದ್ದಲ್ಲ, ಆ ಮರಿಕ್ರೂಸಳದ್ದೂ ಅಲ್ಲ. ನನ್ನ ನೀರು, ನನ್ನ ಕಾಲು, ನನ್ನ ಕೈ. ಈ ನಲವತ್ತೊಂಬತ್ತು ವರ್ಷದಲ್ಲಿ ಯಾರೂ ಹೇಳದೆ ನಾನಾಗಿ ನನಗೋಸ್ಕರ ಮಾಡಿದ ಕೆಲಸ ಯಾವುದು ಹೇಳಿ? ನನಗಂತೂ ಒಂದೂ ನೆನಪಾಗಲಿಲ್ಲ. ಹೆದರಿಕೆಯಿಂದ ಮಾಡುತ್ತಿದ್ದಾಗ ನೀವು ಬಗ್ಗಿ ಅಂದಿದ್ದರೆ ಬಗ್ಗುತ್ತಿದ್ದೆನೋ ಏನೋ. ಈಗ ಬಗ್ಗುವುದಿಲ್ಲ.

ಫೋನನ್ನು ಹೊರಗೆ ತೆಗೆದಿದ್ದೇನೆ. ಗೋಣಿ ಸೊಪ್ಪನ್ನು ಈಗ ಗೋಣಿ ಸೊಪ್ಪು ಅಂತಲೇ ಬರೆಯುತ್ತೇನೆ, ನಕ್ಷತ್ರ ಬರದಿದ್ದರೆ ಬೇಡ.

ಮೊದಲೇ ತಿಳಿಸಿ ಮಾಡುತ್ತಿದ್ದೇನೆ, ಕದ್ದು ಮಾಡುವವಳಲ್ಲ. ಸೋಮವಾರದಿಂದ, ಬೆಳಿಗ್ಗೆ ಹತ್ತು ಗಂಟೆಗೆ, ನಿಮ್ಮ ಲೈನಿನಲ್ಲಿ ನಿಂತ ಜಾಗದಲ್ಲೇ, ಚಾಕು ಒರೆಗೆ ಸೇರಿಸಿ ಇಪ್ಪತ್ತು ಎಣಿಸುವವರೆಗೆ ಎಡಗೈ ಮೇಲೆತ್ತುತ್ತೇನೆ. ಕಾಗದ ಬರೆಯುವುದಿದ್ದರೆ ಪೆನ್ನು ಸಿದ್ಧವಾಗಿಟ್ಟುಕೊಳ್ಳಿ.

ಒತಿಲಿಯಾ


ಮಾರ್ಚ್ 22

ಕೊಮಾದ್ರೆ,

ದಯವಿಟ್ಟು ನಿಲ್ಲಿಸಿ. ಸೋಮವಾರ ನೀವೊಬ್ಬರೇ ಎತ್ತಿದಿರಿ, ನಾನು ಗೋಡೆ ನೋಡಿದೆ. ಮಂಗಳವಾರ ನಾಲ್ಕು ಜನ. ಇವತ್ತು ಹನ್ನೊಂದು. ಕಾಯಿಲೆ ಇಲ್ಲದವರೂ ಎತ್ತುತ್ತಿದ್ದಾರೆ. ಅಷ್ಟು ಹೊತ್ತಿನಲ್ಲಿ ಎಷ್ಟು ಕೋಳಿಗಳು ಕತ್ತರಿಸದೆ ಮುಂದೆ ಹೋದವು ಅಂತ ಲೈನಿನ ಕೊನೆಯಲ್ಲಿ ಗುಡ್ಡೆ ಬಿದ್ದಾಗ ನೋಡಿದಿರಲ್ಲ. ಮಿಸ್ಟರ್ ಪ್ರುಯಿಟ್ ಕೆಳಗಿಳಿದು ಬಂದು "ಏನಿದು, ಹನ್ನೊಂದು ಜನಕ್ಕೂ ಒಟ್ಟಿಗೇ ಅವಸರವಾ?" ಅಂದಾಗ ನಕ್ಕವರು ಯಾರು? ನಗು ನಿಮ್ಮ ಕಡೆಯಿಂದ ಬಂತು.

ಅವರು ನಗಲಿಲ್ಲ. ನಿಮ್ಮ ಹೆಸರು ಬರೆದುಕೊಂಡು ಹೋಗಿದ್ದಾರೆ.

ತೆಂಚಾ


ಮಾರ್ಚ್ 30

ಕೊಮಾದ್ರೆ,

ನಕ್ಕದ್ದು ದೆಲ್ಫಿನಾ.

ಅವಳ ವಿಷಯ ಆಗ ಬರೆಯಲಿಲ್ಲ, ಈಗ ಬರೆಯುತ್ತೇನೆ, ಕೇಳಿ. ನಿಮ್ಮ ಫೆಬ್ರವರಿಯ ಕಾಗದ ಬಂದ ಮೇಲೆ ಹದಿನೈದು ದಿನ ನನಗೆ ಅನ್ನ ರುಚಿಸಲಿಲ್ಲ. ಆಮೇಲೆ ಒಂದು ಭಾನುವಾರ ಅವಳ ಟ್ರೇಲರ್ ಮನೆಗೆ ಹೋದೆ. ಬಾಗಿಲು ತೆಗೆದವಳು ನನ್ನನ್ನು ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಹೇಳಿದೆ: "ಅವತ್ತು ನಿನ್ನ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ. ನನ್ಗೆ ಆ ಹೆಲ್ಮೆಟ್ಟೇ ದೊಡ್ಡದಾಗಿತ್ತು. ತಪ್ಪು ನಂದು." ಅವಳು, "ದೋನ್ಯಾ ಒತಿಲಿಯಾ, ನಾನು ಆ ಪ್ಯಾಂಟ್ ಸುಟ್ಟಾಕ್ಬಿಟ್ಟೆ" ಅಂದಳು. ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಹಕ್ಕು ನನಗಿರಲಿಲ್ಲ.

ಹೋದ ವಾರ ಮಂಗಳವಾರ ಹತ್ತಕ್ಕೆ ನಾನು ಕೈ ಎತ್ತಿದಾಗ ಎದುರು ಸಾಲಿನಿಂದ ಮೊದಲು ಮೇಲೆ ಹೋದ ಕೈ ಅವಳದ್ದು. ಊಟದ ಬಿಡುವಿನಲ್ಲಿ ಕೇಳಿದೆ, ಯಾಕೆ ಅಂತ. "ನಿಮ್ಗೋಸ್ಕರ ಅಲ್ಲ, ನೀವು ಹಿಗ್ಬೇಡಿ" ಅಂದಳು. ಆಮೇಲೆ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಳು. 'ಅಗತ್ಯವಿದ್ದವರು ಕೈ ಎತ್ತಿ, ಮೇಸ್ತ್ರಿ ಉತ್ತರಿಸುವವರೆಗೆ ಹಾಗೇ ಇರಬೇಕು' ಅಂತಿದೆ. ಯಾವ ಅಗತ್ಯ ಅಂತ ಬರೆದಿಲ್ಲ. ಎಷ್ಟು ಜನ ಅಂತ ಬರೆದಿಲ್ಲ. ಆರು ವರ್ಷ ಆ ಪುಸ್ತಕ ಜೇಬಿನಲ್ಲಿಟ್ಟುಕೊಂಡು ತಿರುಗಿದ ನನಗೆ ಇದು ಕಾಣಲಿಲ್ಲ. ಒದ್ದೆಯಾಗಿ ನಿಂತವಳಿಗೆ ಕಂಡಿತು.

ಈಗ ಮೂರನೆಯ ಕಾಗದ. ಬರುವ ಮಂಗಳವಾರ ಮಧ್ಯಾಹ್ನ ಆಫೀಸಿಗೆ ಬರಬೇಕಂತೆ. 'ಕೆಲಸ ನಿಲ್ಲಿಸಿ ಇತರರನ್ನೂ ಪ್ರಚೋದಿಸಿದ್ದಾರೆ' ಅಂತ ಬರೆದಿದ್ದಾರೆ. ಮೇಸ್ತ್ರಿಯ ಸಾಕ್ಷಿ ಸಹಿಯಿಲ್ಲದೆ ಆ ಕಾಗದ ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ನಾನೂ ಎಷ್ಟೋ ಹಾಕಿದ್ದೇನೆ. ಸಹಿ ಹಾಕಬೇಡಿ ಅಂತ ನಿಮ್ಮನ್ನು ಬೇಡಿಕೊಳ್ಳುವುದಿಲ್ಲ. ಹಾಕಿದರೆ ನನ್ನ ಮಾತ್ರೆ ಹೋಗುತ್ತದೆ, ಹಾಕದಿದ್ದರೆ ನಿಮ್ಮ ಹೆಲ್ಮೆಟ್. ಅಳೆದು ನೋಡಿಕೊಳ್ಳಿ.

ಕೊನೆಯದಾಗಿ ಒಂದು. ಬರೆಯಬಾರದು ಅಂದುಕೊಂಡಿದ್ದೆ. ಏಳು ತಿಂಗಳು, ಹದಿನಾರು ಸಲ ನನಗೆ ನಳಿಗೆ ಚುಚ್ಚಿ ಔಷಧಿ ಹರಿಸಿದರು. ಹದಿನಾರು ಸಲವೂ ಪಕ್ಕದ ಕುರ್ಚಿ ಖಾಲಿಯಿತ್ತು, ಫೆರ್ಮಿನ್‌ಗೆ ರಜೆ ಸಿಗುತ್ತಿರಲಿಲ್ಲ. ನನ್ನ ಜಾಗಕ್ಕೆ ನಿಮ್ಮನ್ನು ಮೇಸ್ತ್ರಿ ಮಾಡಿದರು ಅಂತ ನನಗೆ ಮೂರನೆಯ ಸಲದಲ್ಲೇ ಗೊತ್ತಾಗಿತ್ತು. ಅದಕ್ಕೆ ನನಗೆ ಸಿಟ್ಟಿರಲಿಲ್ಲ, ಕೊಮಾದ್ರೆ. ಆ ಹೆಲ್ಮೆಟ್ ಯಾರಾದರೂ ಹಾಕಿಕೊಳ್ಳಲೇಬೇಕಿತ್ತು. ಆ ಖಾಲಿ ಕುರ್ಚಿಯ ಮೇಲೆ ಮಾತ್ರ ಸಿಟ್ಟಿತ್ತು.

ಒತಿಲಿಯಾ


ಏಪ್ರಿಲ್ 5, ಬುಧವಾರ

ಕೊಮಾದ್ರೆ ಒತಿ,

ನಿನ್ನೆ ನೀವು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಿರಿ. ಒಳಗಡೆ ಏನಾಯಿತು ಅಂತ ನಿಮಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ, "ಕೆಲಸಕ್ಕೆ ಹೋಗಿ" ಅಂದರು ಅಷ್ಟೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಿಸ್ಟರ್ ಪ್ರುಯಿಟ್ ಕಾಗದವನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು. ಒಳ್ಳೆಯ ಮಾತಿನಲ್ಲೇ ಮಾತಾಡಿದರು, ಅದು ನಿಜ. ಆಫೀಸಿನ ಹುಡುಗಿ ನಮ್ಮ ಭಾಷೆಗೆ ತಿರುಗಿಸಿ ಹೇಳಿದಳು: "ಇದು ನಿಮ್ಮ ಮೇಲಿರೋ ಸಿಟ್ಟಲ್ಲ ಒರ್ತೆನ್ಸಿಯಾ, ಒಬ್ಬಳನ್ನ ಬಿಟ್ಟರೆ ಎಲ್ಲರೂ ಹಾಗೇ ಮಾಡ್ತಾರೆ ಅಂತಿದಾರೆ." ನಾನು ಪೆನ್ನು ಹಿಡಿದೆ. ಸಹಿ ಹಾಕುವವಳೇ ಇದ್ದೆ ಕೊಮಾದ್ರೆ, ಸುಳ್ಳು ಯಾಕೆ ಹೇಳಲಿ. ನನ್ನ ಮನೆಯಲ್ಲೂ ಮೂರು ಹೊಟ್ಟೆಗಳಿವೆ.

ಕಾಗದದ ಮೇಲೆ ನಿಮ್ಮ ಹೆಸರಿನ ಮುಂದೆ ಒಂದು ಸಾಲಿತ್ತು: '2021ರ ಗೈರುಹಾಜರಿ, ಏಳು ತಿಂಗಳು'. ನಿಮ್ಮ ಆ ಏಳು ತಿಂಗಳನ್ನು ನಿಮ್ಮ ತಪ್ಪುಗಳ ಪಟ್ಟಿಯಲ್ಲಿ ಬರೆದಿದ್ದರು.

ನಾನು ಪೆನ್ನು ಕೆಳಗಿಟ್ಟೆ. "ಈ ಕಾಗದದಲ್ಲಿರೋದು ನಿಜ ಅಲ್ಲ" ಅಂದೆ. "ಅವರು ಕೈ ಎತ್ತಿದ್ರು. ನಿಯಮದ ಪ್ರಕಾರ ಅನುಮತಿ ಕೊಡೋಳು ನಾನು. ನಾನು ಕೊಟ್ಟೆ." ಅವರು "ಯಾವಾಗ ಕೊಟ್ಟೆ?" ಅಂದರು. "ಹತ್ತು ಗಂಟೆಗೆ. ದಿನಾಲೂ. ಹನ್ನೊಂದು ಜನಕ್ಕೂ" ಅಂದೆ. "ಏನಕ್ಕೆ ಕೊಟ್ಟೆ?" ಅಂದರು. "ಕೈ ನೋಯುತ್ತೆ ಅಂದ್ರು, ಕೊಟ್ಟೆ. ನನ್ನ ಕೈಯೂ ನೋಯುತ್ತೆ. ನೀವೂ ಒಂದು ವಾರ ಆ ಚಾಕು ಹಿಡಿದು ನೋಡಿ" ಅಂದೆ. ಆ ಹುಡುಗಿ ಕೊನೆಯ ಮಾತನ್ನು ತಿರುಗಿಸದೆ ಬಿಟ್ಟಳು. "ಅದನ್ನೂ ಹೇಳಮ್ಮ" ಅಂದೆ. ಹೇಳಿದಳು. ಒಂದು ಪದವೂ ಬಿಡದೆ ಹೇಳಿದಳು.

ಸಹಿಯಿಲ್ಲದ ಕಾಗದ ನಿಲ್ಲಲಿಲ್ಲ. ನಿಮ್ಮ ಕೆಲಸ ಉಳಿದಿದೆ. ನನ್ನ ಮೇಸ್ತ್ರಿಕೆ ಅಲ್ಲೇ ಹೋಯಿತು. ಸೋಮವಾರದಿಂದ ನಿಮ್ಮ ಸಾಲಿನಲ್ಲಿ, ಚಾಕು ಹಿಡಿದು ನಿಲ್ಲಬೇಕು. ಹೊಸ ಮೇಸ್ತ್ರಿ ಯಾರೋ ಬೇರೆ ಶಿಫ್ಟಿನವನಂತೆ. ಹತ್ತು ಗಂಟೆಯ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ, ಗೊತ್ತು ಮಾಡಿಸೋಣ.

ಆ ಕುರ್ಚಿಯ ವಿಷಯ. ಎರಡನೆಯ ಸಲ ನಿಮಗೆ ಔಷಧಿ ಹಾಕುವ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ಗಾಜಿನ ಬಾಗಿಲಿನ ಹೊರಗೆ ನಿಂತೆ. ನೀವು ತಲೆಗೆ ಬಟ್ಟೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೂತಿದ್ದಿರಿ. ಹಿಂದಿನ ದಿನವಷ್ಟೇ ನನಗೆ ಹೆಲ್ಮೆಟ್ ಕೊಟ್ಟಿದ್ದರು. ಒಳಗೆ ಬಂದು "ನಿಮ್ಮ ಜಾಗ ನಂಗೆ ಕೊಟ್ರು" ಅಂತ ಹೇಳಲು ಬಾಯಿ ಬರಲಿಲ್ಲ. ಮುಂದಿನ ಸಲ ಹೇಳೋಣ ಅಂದುಕೊಂಡೆ. ಮುಂದಿನ ಸಲ ಹೋದರೆ 'ಹೋದ ಸಲ ಯಾಕೆ ಬರಲಿಲ್ಲ' ಅಂತ ಕೇಳುತ್ತೀರಿ ಅಂತ ಹೆದರಿದೆ. ಹೀಗೆ ಹದಿನಾರೂ ಮುಗಿದವು. ನಾನು ಹೇಡಿ, ಕೊಮಾದ್ರೆ. ಅದಕ್ಕೆ ಬೇರೆ ಹೆಸರಿಲ್ಲ.

ತೆಂಚಾ


ಏಪ್ರಿಲ್ 7, ಶುಭ ಶುಕ್ರವಾರ

ಕೊಮಾದ್ರೆ ತೆಂಚಾ,

ಹೇಡಿ ಹೌದು. ನಿನ್ನೆ ಮೊನ್ನೆಯವರೆಗೆ. ಮಂಗಳವಾರದ ಮೇಲೂ ಹಾಗೆ ಕರೆದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಕೆಲಸ ಉಳಿಸಿದಿರಿ ಅಂತ ಕಾಲಿಗೆ ಬೀಳುತ್ತೇನೆ ಅಂದುಕೊಳ್ಳಬೇಡಿ, ಆ ಕಾಗದ ಶುರುವಾದದ್ದೇ ನಿಮ್ಮಿಂದ. ಸಮಕ್ಕೆ ಸಮ. ಸೋಮವಾರ ನನ್ನ ಬಲಗಡೆ ನಿಂತುಕೊಳ್ಳಿ. ಎರಡು ವರ್ಷದ ಹಿಂದಿನ ಚಾಕು ಈಗಿಲ್ಲ, ಲೈನೂ ಆಗಿನಷ್ಟು ನಿಧಾನವಿಲ್ಲ. ಮೊದಲ ದಿನ ಬೆರಳು ಕುಯ್ದುಕೊಂಡು ಹೆಸರು ಕೆಡಿಸಬೇಡಿ. ದೆಲ್ಫಿನಾ ಎದುರಿಗೇ ಇರುತ್ತಾಳೆ, ನಗುತ್ತಾಳೆ. ನಗಲಿ ಬಿಡಿ, ಅವಳಿಗೆ ಬಾಕಿಯಿದೆ.

ಹೊಸ ಮೇಸ್ತ್ರಿ ಹತ್ತು ಗಂಟೆಗೆ ಕಾಗದ ಬರೆಯುತ್ತಾನೆ. ಬರೆಯಲಿ. ಹನ್ನೊಂದು ಜನಕ್ಕೆ ಬರೆಯಬೇಕು, ನೀವು ಸೇರಿದರೆ ಹನ್ನೆರಡು. ನಿನ್ನೆ ಕೋಳಿ ತೊಳೆಯುವ ಕಡೆಯ ಗಂಡಸರು ಮೂರು ಜನ ಬಂದು, "ನಮ್ಗೂ ಭುಜ ನೋಯುತ್ತೆ ದೋನ್ಯಾ, ಗಂಡಸ್ರು ಎತ್ಬಹುದಾ?" ಅಂತ ಕೇಳಿದರು. ಎತ್ತಬಹುದು, ಆದರೆ ಇಪ್ಪತ್ತು ಎಣಿಸುವ ಮೊದಲು ಇಳಿಸಿದರೆ ಮರ್ಯಾದೆ ಹೋಗುತ್ತದೆ ಅಂದೆ.

ಈಸ್ಟರ್ ಭಾನುವಾರ ಪೂಜೆ ಮುಗಿಸಿ ನೇರ ನಮ್ಮ ಮನೆಗೆ ಬನ್ನಿ. ಯಾರೆಲಿ ಮೂರು ಸಲ ಕೇಳಿದ್ದಾಳೆ, ಅವಳಿಗೆ ಅವಳ ಜ್ಞಾನತಾಯಿ ಬೇಕಂತೆ. ಪುಂಡಿ ಹೂವಿನ ಪಾನಕ ಮಾಡಿರುತ್ತೇನೆ, ಸಕ್ಕರೆ ಕಡಿಮೆ, ಬೇಕಿದ್ದರೆ ಕುಡಿಯಿರಿ ಇಲ್ಲದಿದ್ದರೆ ಬಿಡಿ. ಊಟವಾದ ಮೇಲೆ ಎಂಟು ಸುತ್ತು ನಡೆಯುವುದಿದೆ, ಮೊಣಕಾಲು ನೋವು ಅಂದರೆ ನಾನು ಕೇಳುವುದಿಲ್ಲ.

ಕೈ ಬೀಸಿಕೊಂಡು ಬನ್ನಿ. ಬಿಸಿ ಸಾರಿನ ಪಾತ್ರೆ ಹೊತ್ತು ತರಬೇಡಿ, ದಿಂಬು ಸರಿಮಾಡಬೇಡಿ, ಮೆಲ್ಲಗೆ ಮಾತಾಡಬೇಡಿ. ನಾನು ರೋಗಿಯಲ್ಲ.

ನಿಮ್ಮ ಕೊಮಾದ್ರೆ,
ಒತಿಲಿಯಾ